ಬೀಗದಕ್ಕನಿಗೆ ಬಂದ ನೋಟಿಸು

"ಸಹಿ ಹಾಕ್ತೀರೋ, ಕೋರ್ಟಿಗೆ ಬರ್ತೀರೋ?" ವಕೀಲ ನೋಟಿಸನ್ನು ಹಿತ್ತಾಳೆ ಪುಡಿಯ ಮೇಲೇ ಇಟ್ಟ.

ಬೀಗದಕ್ಕ ಕಣ್ಣೆತ್ತಲಿಲ್ಲ. ಕೀಲಿಕೈಗೆ ಅರ ಉಜ್ಜುತ್ತಲೇ, "ಓದಿ ಹೇಳಿ" ಎಂದಳು.

ಓದಿದ. ಇಂಟರ್‌ನೆಟ್ಟಿನಲ್ಲಿ ‘ಬೀಗದಕ್ಕ’ ಎಂಬ ಹೆಸರು ತನ್ನ ಕಕ್ಷಿದಾರ ಕಂಪನಿಯ ಸ್ವತ್ತು. ಆಕೆ ಕದ್ದಿದ್ದಾಳೆ.

ಕೀಲಿಕೈ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡವರೆಲ್ಲ ಹದಿನಾಲ್ಕು ವರ್ಷಗಳಿಂದ ಆ ಹೆಸರಿನ ಅವಳ ವೆಬ್‌ಸೈಟು ನೋಡಿಯೇ ಅವಳನ್ನು ಕರೆಯುತ್ತಿದ್ದರು. ಅದು ಹೋದರೆ ಅಂಗಡಿಗೆ ತಾನೇ ಬೀಗ ಜಡಿಯಬೇಕು.

"ಕದ್ದೆನಾ? ಊರೆಲ್ಲ ಕರೆಯೋದೇ ನನ್ನನ್ನ ಹಾಗೆ. ನಿಮ್ಮ ಕಂಪನಿ ಹುಟ್ಟಿದ್ದೇ ನಮ್ಮ ಮಹಡಿ ಮೇಲೆ, ಗೊತ್ತಾ?"

ಅದು ನಿಜ. ಫೋನಿನ ಮೇಲೆ ಬೆರಳು ಒತ್ತಿದರೆ ಇಂಟರ್‌ನೆಟ್ಟಿನ ಮೂಲಕ ತೆರೆಯುವ ಬೀಗ ಮಾಡುತ್ತೇನೆಂದು ಬಾಡಿಗೆಗೆ ಬಂದ ಹುಡುಗನ ಹತ್ತಿರ ಬ್ಯಾಂಕ್ ಕಾರ್ಡೂ ಇರಲಿಲ್ಲ. ಕರೆಂಟ್ ಮೀಟರಿನಿಂದ ಹಿಡಿದು ಬೇಕಾದದ್ದನ್ನೆಲ್ಲ ಅಕ್ಕನ ಹೆಸರಿಗೇ ಬರೆಸಿದ. ಕೊನೆಗೆ ಅವಳ ಅಡ್ಡಹೆಸರನ್ನೇ ಕಂಪನಿಗೂ ಇಟ್ಟ. ಹೋದ ವರ್ಷ ಕಂಪನಿ ಮಾರಿ ಹೊರಟುಹೋದ.

"ಹಳೇ ಕಥೆ ಬಿಡಮ್ಮ. ಹೊಸಬರು ಟ್ರೇಡ್‌ಮಾರ್ಕ್ ಸಮೇತ ಕೊಂಡಿದ್ದಾರೆ," ವಕೀಲ ಬೀಗಿದ.

"ಬೀಗುವವರನ್ನ ದಿನಾ ನೋಡ್ತೀನಿ ಸ್ವಾಮಿ. ಹೆಸರೂ ಕೊಡಲ್ಲ, ಸಹಿಯೂ ಹಾಕಲ್ಲ. ಏನು ಕಿತ್ಕೋತೀರೋ ಕಿತ್ಕೊಳ್ಳಿ."

"ಸಹಿ ಬೇಡ, ಕೇಸು ಮುಗಿಯೋವರೆಗೆ ಸೈಟು ಮುಚ್ಚಿಡಲೇಬೇಕು. ಕೊನೇ ಸಾಲು ಕೇಳಿ: ‘ತಮ್ಮ ಹೆಸರಿನಲ್ಲಿ ನೋಂದಣಿಯಾಗಿರುವ, ಬೀಗದಕ್ಕ ಎಂಬ ಪದವುಳ್ಳ ಸಕಲ ವೆಬ್ ವಿಳಾಸಗಳನ್ನು ಈ ಕೂಡಲೇ ಸ್ಥಗಿತಗೊಳಿಸತಕ್ಕದ್ದು.’"

ಅರ ನಿಂತಿತು. "ಸಕಲ?"

"ಸಕಲ. ಒಂದೂ ಬಿಡೋ ಹಾಗಿಲ್ಲ."

"ಆಮೇಲೆ ಮಾತು ತಿರುಗಿಸಲ್ಲ ತಾನೆ?"

"ಕಂಪನಿ ಮೊಹರು ಕಾಣಲ್ವಾ?"

ಅಕ್ಕ ಕೈ ಒರೆಸಿಕೊಂಡಳು. ಥೇಟ್ ವಕೀಲನ ಗಂಟಲಿನಲ್ಲೇ, "ಸ್ಥಗಿತಗೊಳಿಸತಕ್ಕದ್ದೂ..." ಎಂದು ರಾಗ ಎಳೆದು ಕಂಪ್ಯೂಟರಿನ ಮುಂದೆ ಕುಳಿತಳು. ಪಾಸ್‌ವರ್ಡ್ ಹೊಡೆದಳು. ಒಂದು ಸಲ ಒತ್ತಿದಳು. ಯೋಚಿಸಿ, ಇನ್ನೊಂದು ಸಲ ಒತ್ತಿದಳು.

ಅವಳ ಸೈಟು ತನ್ನ ಮೊಬೈಲಿನಿಂದ ಮಾಯವಾಗುವವರೆಗೂ ವಕೀಲ ಕಾದ. ಕಾಲು ಗಂಟೆ ಹಿಡಿಯಿತು. "ಇಷ್ಟು ಬೇಗ ದಾರಿಗೆ ಬರ್ತೀರಿ ಅಂದ್ಕೊಂಡಿರಲಿಲ್ಲ," ಎಂದು ನಕ್ಕ.

ಅಷ್ಟರಲ್ಲಿ ಅವನ ಫೋನು ಅರಚಿತು. ಅತ್ತ ಕಡೆಯ ಮ್ಯಾನೇಜರನ ಕೂಗು ಅಂಗಡಿಗೆಲ್ಲ ಕೇಳಿಸಿತು: "ಸಾರ್, ನಮ್ಮ ಸೈಟೇ ಇಲ್ಲ! ಮೇಲ್ ಬರ್ತಿಲ್ಲ, ಗಿರಾಕಿಗಳ ಬೀಗ ಒಂದೂ ತೆರೀತಿಲ್ಲ!"

"ಸಕಲ ಅಂದ್ರಲ್ಲ ಸ್ವಾಮಿ," ಎಂದಳು ಬೀಗದಕ್ಕ, "ನಿಮ್ಮ ಕಂಪನಿ ವಿಳಾಸವೂ ಮೊದಲಿನಿಂದ ನನ್ನ ಹೆಸರಲ್ಲೇ ಇರೋದು."