ಟವೆಲಿನ ಕೆಳಗಿನ ದನಿ

ಬಸ್ಸಿನ ದಾರಿಯುದ್ದಕ್ಕೂ ಸರ್ವಮಂಗಳಮ್ಮನ ಮಂಡಿಗಳು ಗೊಣಗುತ್ತಲೇ ಬಂದವು. ಯಾರೂ ತಿರುಗಿ ನೋಡಲಿಲ್ಲ. ಹಲ್ಲು, ಹೊಟ್ಟೆ, ಮಂಡಿಗಳು ತಂತಮ್ಮ ನೋವನ್ನು ತಾವೇ ಹೇಳಿಕೊಳ್ಳುವುದು ಆ ಊರಿನಲ್ಲಿ ಎಲ್ಲರಿಗೂ ರೂಢಿ. ಹೆಂಗಸರ ಯೋನಿ ಮಾತ್ರ ನಾಲ್ಕು ಜನರೆದುರು ಬಾಯಿ ಬಿಡಬಾರದು, ಮನೆತನದ ಮರ್ಯಾದೆ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮುಮ್ತಾಜ್ ಏನು ತೊಂದರೆ ಎಂದು ಸರ್ವಮಂಗಳಮ್ಮನ ಸೊಸೆ ಸುಚಿತ್ರಳನ್ನು ಕೇಳಿದರೆ ಅತ್ತೆಯೇ ಉತ್ತರಿಸಿದರು. "ಏನಿಲ್ಲ ಡಾಕ್ಟ್ರೇ, ಸ್ವಲ್ಪ ಹೊಟ್ಟೆನೋವು."

"ನನ್ನ ಹೆಸರು ಯಾಕೆ ಎಳೀತೀರಿ?" ಎಂದಿತು ಸುಚಿತ್ರಳ ಹೊಟ್ಟೆ.

ಅದರ ಕೆಳಗಿನಿಂದ ಇನ್ನೊಂದು ದನಿ ಕೇಳಿಸಿತು. "ತುರಿಕೆ ಇರೋದು ನಂಗೆ. ಒಡೆದ ಮೊಸರಿನ ಹಾಗೆ ಬಿಳಿ ಹೋಗ್ತಿದೆ. ಇವಳು ಬೇರೆ ದಿನಾ ಸೋಪು ಹಾಕಿ ಉಜ್ಜಿ ಉರಿ ಹೆಚ್ಚು ಮಾಡಿದಾಳೆ."

ಡಾಕ್ಟರು ಪರೀಕ್ಷೆ ಮಾಡಿ ನಕ್ಕರು. "ಫಂಗಸ್ಸು. ಇದು ಬರದ ಹೆಂಗಸರೇ ಕಮ್ಮಿ. ಮಲಗೋವಾಗ ಒಳಗೆ ಇಡೋ ಮಾತ್ರೆ ಬರೀತೀನಿ. ಸೋಪು ಬೇಡ, ಬರೀ ನೀರು ಸಾಕು. ಒಳ ಉಡುಪು ಎಲ್ಲಿ ಒಣಗಿಸ್ತೀಯಮ್ಮಾ?"

"ಟವೆಲ್ ಕೆಳಗೆ," ಎಂದರು ಅತ್ತೆ ಹೆಮ್ಮೆಯಿಂದ. "ಇವತ್ತಿನವರೆಗೂ ನಮ್ಮನೆ ಗಂಡಸರ ಕಣ್ಣಿಗೆ ಬಿದ್ದಿಲ್ಲ."

"ಬಿಸಿಲಿನ ಕಣ್ಣಿಗೂ ಬಿದ್ದಿಲ್ಲ," ಎಂದಿತು ಕೆಳಗಿನ ದನಿ.

ಚೀಟಿ ಹಿಡಿದು ಎದ್ದಾಗ ಸರ್ವಮಂಗಳಮ್ಮನ ಸೀರೆಯ ನೆರಿಗೆಯೊಳಗೆ ಯಾರೋ ಮೆಲ್ಲಗೆ ಕೆಮ್ಮಿದರು. "ಡಾಕ್ಟ್ರೇ, ಆ ಮಾತ್ರೆ ನಂಗೂ ಆಗತ್ತಾ?"

ಮಂಡಿಗಳು ಕೂಡ ಗೊಣಗುವುದನ್ನು ನಿಲ್ಲಿಸಿದವು.

"ನಿಮ್ಮದು ಬೇರೇನೇ ಇರಬಹುದು, ನೋಡದೆ ಕೊಡಲ್ಲ," ಎನ್ನುತ್ತ ಡಾಕ್ಟರು ಅತ್ತೆಗೆ ಕುರ್ಚಿ ಎಳೆದರು. "ಮಾತು ಬಿಟ್ಟು ಎಷ್ಟು ಕಾಲ ಆಯ್ತು?"

ನೆರಿಗೆಯೊಳಗಿನ ದನಿ ಹೇಳಿತು, "ನಮ್ಮತ್ತೆ ಆ ಟವೆಲ್ ಕೊಟ್ಟ ದಿನದಿಂದ."