ಸರಿ ಉತ್ತರ

"ಮುಂಜಾನಿಂದ ಇವ್ರು ಏನೇನೋ ಮಾತಾಡಾಕತ್ತಾರ್ರೀ ಡಾಕ್ಟ್ರ," ಎಂದು ನೀಲವ್ವ ಅತ್ತಳು. ಕ್ಯಾನ್ಸರ್ ಮೈಗೆಲ್ಲ ಹಬ್ಬಿದವರಿಗೆ ಒಮ್ಮೊಮ್ಮೆ ಭ್ರಮೆಯಾಗುವುದುಂಟು. ಪರೀಕ್ಷಿಸಲು ಡಾಕ್ಟರು ಅವಳ ಗಂಡನ ಪಕ್ಕದಲ್ಲಿ ಕುಳಿತರು.

"ಯಜಮಾನ್ರ, ಈಗ ಎಲ್ಲಿದ್ದೀರಿ?"

"ದವಾಖಾನ್ಯಾಗ."

"ವಾರಗಳನ್ನ ಹಿಂದಿನಿಂದ ಹೇಳ್ರಿ ನೋಡೋಣ."

"ಐತವಾರ, ಶನಿವಾರ, ಶುಕ್ರವಾರ..." ಸೋಮವಾರದ ತನಕ ಅವನು ಎಲ್ಲಿಯೂ ತಪ್ಪಲಿಲ್ಲ. ನೀಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ಅವಳತ್ತ ಕೈ ತೋರಿಸಿದರು. "ಇವ್ರು ಯಾರು?"

"ನನ್ನ ಹೇಂತಿ, ನೀಲವ್ವ."

ಡಾಕ್ಟರು ನಗುತ್ತ ಎದ್ದರು. "ಭ್ರಮೆ ಗಿಮೆ ಏನೂ ಇಲ್ಲವ್ವಾ. ತಲಿ ನೆಟ್ಟಗೈತಿ."

ನೀಲವ್ವ ಗೋಡೆ ಹಿಡಿದು ಕುಸಿದಳು.

ಗಂಡ ಮೆಲ್ಲಗೆ ಅಂದ: "ಈಗರ ನಂಬ್ತಿಯೇನ? ಔಷಧ ಸಾಕು, ಮನೀಗೆ ಕರಕೊಂಡ ಹೋಗು ಅಂತ ನಾ ತಿಳದ ಹೇಳೀನಿ."