ವಿಳಾಸದ ಜಾಗದಲ್ಲಿ

ಶಾಂತಿ ಆಂಟಿಯ ಎಡಗೈ ತೋರುಬೆರಳಿನ ಮತದಾನದ ಶಾಯಿ ಉಗುರಿನ ಜೊತೆ ಬೆಳೆದು ಅರ್ಧಕ್ಕೆ ಬಂದಿತ್ತು. ಈಗಲೂ ಮತ ಹಾಕಿ ಬಂದ ದಿನ ನನಗೆ ಆ ಬೆರಳು ನೆನಪಾಗುತ್ತದೆ, ಜೊತೆಗೆ ಇದ್ದಿಲಿನ ವಾಸನೆ.

ದೆಹಲಿಯ ನಮ್ಮ ಸರ್ಕಾರಿ ಕ್ವಾರ್ಟರ್ಸ್ ಎದುರಿನ ಬೇವಿನ ಮರದಡಿ ಅವರು ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಎಲ್ಲರ ಬಟ್ಟೆ, ನನ್ನ ಶಾಲೆಯ ಯೂನಿಫಾರ್ಮ್ ಕೂಡ, ಇಸ್ತ್ರಿ ಮಾಡುತ್ತಿದ್ದರು. ಚುನಾವಣೆ ಮುಗಿದ ಎರಡೇ ತಿಂಗಳಿಗೆ ಪಾಲಿಕೆಯವರು ಅವರ ಗುಡಿಸಲನ್ನು ಕೆಡವಿದರು. ಇಬ್ಬರು ಹೆಣ್ಣುಮಕ್ಕಳೊಂದಿಗೆ ಅವರು ಇಸ್ತ್ರಿ ಮೇಜಿನ ಕೆಳಗೇ ಮಲಗತೊಡಗಿದರು. ಓದುಬರಹ ಬಾರದ ಅವರು, ಬೇರೆ ಜಾಗ ಕೊಡಿಸಿ ಎಂದು ಸಂಸದರಿಗೆ ಅರ್ಜಿ ಬರೆದುಕೊಡಲು ಅಪ್ಪನನ್ನು ಕೇಳಿದರು.

"ನಾನು ಸರ್ಕಾರಿ ನೌಕರ, ನನ್ನ ಅಕ್ಷರ ಬೇಡ," ಎಂದು ಅಪ್ಪ ಪೆನ್ನನ್ನು ನನಗೆ ಕೊಟ್ಟರು. "ನಿನ್ನ ಹಿಂದಿ ಚೆನ್ನಾಗಿದೆ, ನೀನೇ ಬರಿ. ಸುಳ್ಳು ಮಾತ್ರ ಬರೀಬೇಡ."

ಆರನೇ ತರಗತಿಯ ನಾನು ವಿಳಾಸದ ಜಾಗದಲ್ಲಿ 'ಈಗ ಮನೆ ಇಲ್ಲ' ಎಂದು ದುಂಡಗೆ ಬರೆದೆ.

ಮಧ್ಯಾಹ್ನ ಶಾಂತಿ ಆಂಟಿಯ ಜೊತೆ ನಾನೂ ಸಂಸದರ ಕಚೇರಿಗೆ ಹೋದೆ. ಅಲ್ಲಿದ್ದ ಸಹಾಯಕ ಅರ್ಜಿ ಓದಿ ನಕ್ಕ.

"ನೀನೇ ಬರೆಸಿದ್ದೀಯಲ್ಲ, ಮನೆ ಇಲ್ಲ ಅಂತ. ಮತ್ತೆ ಈ ಕ್ಷೇತ್ರದವಳು ಹೇಗಾಗ್ತೀಯ?"

ಶಾಂತಿ ಆಂಟಿ ಬೆರಳು ಚಾಚಿದರು. "ಇಲ್ನೋಡಿ ಭಯ್ಯಾ, ಓಟು ಹಾಕಿದ್ದೀನಿ."

"ಬೆರಳಿಗೆ ಮನೆ ನಂಬರ್ ಇರಲ್ಲ," ಎಂದು ಅವನು ಅರ್ಜಿಯನ್ನು ವಾಪಸ್ ಕೊಟ್ಟ.

ಬಸ್ಸಿನಲ್ಲಿ ಅವರು ಅದನ್ನು ಇಸ್ತ್ರಿ ಮಾಡಿದ ಕರವಸ್ತ್ರದಂತೆ, ಅಂಚಿಗೆ ಅಂಚು ಕೂಡಿಸಿ ಮಡಿಸಿದರು. "ಎಷ್ಟು ಚಂದ ಬರೆದಿದ್ದೀಯ ಬೇಟಾ," ಎಂದರು.

ಮರುದಿನ ಬೆಳಿಗ್ಗೆ ನಾನು ಸುಕ್ಕಾದ ಯೂನಿಫಾರ್ಮನ್ನೇ ತೊಟ್ಟು, ಬೇವಿನ ಮರದ ದಾರಿ ಬಿಟ್ಟು, ಹಿಂದಿನ ಗೇಟಿನಿಂದ ಶಾಲೆಗೆ ಹೋದೆ.